ಅರ್ಜಿ, ಲೆಕ್ಕ, ಮಿಂಚಂಚೆ

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಪದವಿ ತರಗತಿಗೆ ಸೇರಿದ ಹಳ್ಳಿಯ ಮಕ್ಕಳು ಊರಿನ ಪಾಲಿಗೆ ಒಂದು ಬಗೆಯ ಗುಮಾಸ್ತಿಕೆಯನ್ನು ವಹಿಸಿಕೊಂಡಂತೆಯೇ ಸರಿ. ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಪಿಂಚಣಿ ನಿಂತುಹೋಗಿದೆ, ಬ್ಯಾಂಕಿನಿಂದ ಯಾವುದೋ ಕಾಗದ ಬಂದಿದೆ. ಎಲ್ಲವೂ ನಮ್ಮ ಕೈಗೇ ಬರುತ್ತವೆ. “ಡಿಗ್ರಿ ಓದ್ತಿದ್ದೀಯಲ್ಲಮ್ಮ, ಇದನ್ನ ಒಂಚೂರು ನೋಡು” ಎನ್ನುವವರ ಮನಸ್ಸಿನಲ್ಲಿ ಸಂಶಯದ ಎಳೆಯೂ ಇರುವುದಿಲ್ಲ. ಮನೆಯಿಂದ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವಳಿಗೆ ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳು ಪಾಠವಾಗಿವೆಯೇ ಹೊರತು ಕಚೇರಿಯ ಕೆಲಸವನ್ನು ಯಾರೂ ಹೇಳಿಕೊಟ್ಟಿಲ್ಲವೆಂದು ಅವರಿಗೆ ತಿಳಿಸುವುದು ಹೇಗೆ? ಇತ್ತ ನೌಕರಿಯ ಜಾಹೀರಾತುಗಳಲ್ಲಿ ‘ಕಂಪ್ಯೂಟರ್ ಜ್ಞಾನ ಕಡ್ಡಾಯ’ ಎಂಬ ಮೂರು ಪದಗಳು ತಪ್ಪದೆ ಇರುತ್ತವೆ. ಆ ಜ್ಞಾನವೆಂದರೆ ಏನೆಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಸರ್ಕಾರಿ ನೌಕರಿಗೆ ಸೇರಿದ ಮೇಲೂ ಬಿಡುಗಡೆಯಿಲ್ಲ. 2012ರ ನಿಯಮಗಳ ಮೇರೆಗೆ ರಾಜ್ಯದ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೊಂದು ಗೊತ್ತಾಗಿದೆ. ಕಿಯೋನಿಕ್ಸ್ ಸಂಸ್ಥೆ ಅದನ್ನು ನಡೆಸುತ್ತ ಬಂದಿದೆ.

ಆದುದರಿಂದ ಈ ಮೂರು ಪದಗಳಲ್ಲಿ ಅಡಗಿರುವುದೇನೆಂದು, ಕಳೆದ ಒಂದೂವರೆ ವರ್ಷದಲ್ಲಿ ನಾನು ಕಲಿತಷ್ಟನ್ನು, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ ನನ್ನ ಸಹಪಾಠಿಗಳ ಮುಂದಿಡಬಯಸುತ್ತೇನೆ. ಅಧ್ಯಾಪಕ ವರ್ಗದವರು ಇದರಲ್ಲಿ ಕಾಣುವ ಕೊರತೆಗಳನ್ನು ತಿದ್ದಬೇಕಾಗಿ ಪ್ರಾರ್ಥನೆ.

ಮೊದಲಿಗೆ ಒಂದು ಭ್ರಮೆಯನ್ನು ಕಳೆಯಬೇಕು. ನಮ್ಮೆಲ್ಲರ ಕೈಯಲ್ಲೂ ಮೊಬೈಲ್ ಇದೆ. ಹಣ ಕಳಿಸುತ್ತೇವೆ, ಚಿತ್ರ ತೆಗೆಯುತ್ತೇವೆ, ರಾತ್ರಿ ಹನ್ನೊಂದರವರೆಗೆ ವಾಟ್ಸಾಪ್‌ನಲ್ಲಿ ಹರಟುತ್ತೇವೆ. ಹೀಗಿರಲು ಕಂಪ್ಯೂಟರ್ ಯಾವ ಮಹಾ ವಿದ್ಯೆ ಎಂದು ತೋರುವುದು ಸಹಜ. ಆದರೆ ಮೊಬೈಲು ಒಂದು ಸಂಗತಿಯನ್ನು ನಮ್ಮಿಂದ ಮರೆಮಾಡುತ್ತದೆ: ವಸ್ತು ಎಲ್ಲಿದೆ ಎಂಬುದನ್ನು. ತೆಗೆದ ಚಿತ್ರ ‘ಗ್ಯಾಲರಿ’ಯಲ್ಲಿ ಕಾಣುತ್ತದೆ, ಅಷ್ಟೇ. ಕಚೇರಿಯ ಯಂತ್ರದಲ್ಲಿಯಾದರೋ ಬರೆದದ್ದನ್ನು ಇಂಥ ಹೆಸರಿನಲ್ಲಿ, ಇಂಥ ಫೋಲ್ಡರಿನಲ್ಲಿ ಇಟ್ಟೆನೆಂಬ ನೆನಪು ಬರೆದವರದೇ ಜವಾಬ್ದಾರಿ. ನಮ್ಮ ಲ್ಯಾಬಿನಲ್ಲಿ ಹೊಸದಾಗಿ ಕೂತವರು ಕೇಳುವ ಮೊದಲ ಪ್ರಶ್ನೆ ಟೈಪು ಮಾಡುವುದು ಹೇಗೆಂದಲ್ಲ, “ನೆನ್ನೆ ಟೈಪು ಮಾಡಿದ್ದು ಎಲ್ಲಿ ಹೋಯಿತು?” ಎಂದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಜಿಲ್ಲೆಯವರೆಂದು ಪ್ರತಿ ಸೆಪ್ಟೆಂಬರ್ 15ರಂದು ಅಚ್ಚುಕಟ್ಟಿನ ಮೇಲೆ ಭಾಷಣ ಮಾಡುವ ನಾವು ಫೈಲಿಗೆ ‘ಹೊಸದು’, ‘ಹೊಸದು 2’, ‘ಕೊನೆಯದು’, ‘ನಿಜವಾಗಿ ಕೊನೆಯದು’ ಎಂದು ಹೆಸರಿಡುತ್ತೇವೆ! ಹೆಸರಿನ ಮೊದಲಲ್ಲಿ ವರ್ಷ, ತಿಂಗಳು, ದಿನವನ್ನು ಈ ಕ್ರಮದಲ್ಲಿಯೇ ಅಂಕಿಗಳಲ್ಲಿ ಬರೆದು, ಬಳಿಕ ವಿಷಯವನ್ನು ಸೇರಿಸಿದರೆ ಫೈಲುಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ಸಾಲುಗೂಡುತ್ತವೆ.

ಫೈಲಿಗೆ ನಮ್ಮ ಕಚೇರಿಗಳಲ್ಲಿ ಕಡತವೆನ್ನುವುದುಂಟು. ಹಿಂದೆ ಕಡತವೆಂದರೆ ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ. ವರ್ತಕರೂ ಶಾನುಭೋಗರೂ ಲೆಕ್ಕವನ್ನು ಅದರಲ್ಲೇ ಇಡುತ್ತಿದ್ದರು. ಅಳಿಸಬಹುದು, ಮತ್ತೆ ಬರೆಯಬಹುದು. ಕಂಪ್ಯೂಟರಿನ ಫೈಲು ಈ ಹಳೆಯ ಕಡತಕ್ಕೆ ಕಾಗದದ ಫೈಲಿಗಿಂತ ಹತ್ತಿರದ ನೆಂಟ ಎಂದು ನನಗೆ ತೋರುತ್ತದೆ. ಕಚೇರಿಯಲ್ಲಿ ಅಂದೂ ಇಂದೂ ನಡೆಯುವ ಕೆಲಸ ಮೂರೇ: ಬರೆಯುವುದು, ಲೆಕ್ಕ ಹಾಕುವುದು, ಕಳಿಸುವುದು. ವರ್ಡ್, ಎಕ್ಸೆಲ್, ಇ-ಮೇಲ್ ಎಂಬ ಮೂರು ಹೆಸರುಗಳು ಈ ಮೂರು ಕೆಲಸಗಳಿಗೆ ಅಂಟಿಕೊಂಡಿವೆ.

ಬರೆಯುವ ವಿಷಯ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲಿ ಹೆಚ್ಚಿನ ತೊಡಕಿಲ್ಲ. ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಒಂದು ದೊಡ್ಡ ಹೊಂಡವಿದೆ. ಅದನ್ನು ಒಂದು ನಿಜ ಸಂಗತಿಯಿಂದಲೇ ವಿವರಿಸುತ್ತೇನೆ.

ನನ್ನ ದೊಡ್ಡಮ್ಮನ ಮಗಳು ಚಿಂತಾಮಣಿಯ ಕಡೆಯವಳು. ನನಗಿಂತ ಮೂರು ವರ್ಷ ಹಿರಿಯಳು, ಬಿ.ಎ. ಮುಗಿಸಿದವಳು. ಗೌರಿಬಿದನೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಕಚೇರಿ ಸಹಾಯಕಿಯ ಕೆಲಸ ಖಾಲಿಯಿದೆಯೆಂದು ತಿಳಿದು, ಬಸ್ ನಿಲ್ದಾಣದ ಬಳಿಯ ಅಂಗಡಿಯೊಂದರಲ್ಲಿ ಕನ್ನಡದಲ್ಲಿ ಅರ್ಜಿ ಟೈಪು ಮಾಡಿಸಿ, ಆ ವರ್ಡ್ ಫೈಲನ್ನು ಇ-ಮೇಲಿನಲ್ಲಿ ಕಳಿಸಿದಳು. ಅಂಗಡಿಯ ಪರದೆಯ ಮೇಲೆ ಅಕ್ಷರ ಮುತ್ತಿನಂತಿತ್ತು. ಕಾರ್ಖಾನೆಯ ಪರದೆಯ ಮೇಲೆ ಕಂಡದ್ದು ನೆತ್ತಿಯ ಮೇಲೆ ಗೀಟು, ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ರಾಶಿ. ಅಲ್ಲಿಯವರು ಒಳ್ಳೆಯವರೇ, “ಓದಲಾಗುತ್ತಿಲ್ಲ, ಎರಡು ದಿನದೊಳಗೆ ಪಿ.ಡಿ.ಎಫ್. ಕಳಿಸಿ” ಎಂದು ಉತ್ತರ ಬರೆದರು. ಅಕ್ಕ ಫೋನು ಬರುವುದನ್ನು ಕಾಯುತ್ತಿದ್ದಳೇ ಹೊರತು ಇ-ಮೇಲನ್ನು ತೆರೆದು ನೋಡುವ ರೂಢಿ ಅವಳಿಗಿರಲಿಲ್ಲ. ಒಂಬತ್ತನೆಯ ದಿನ ನೋಡಿದಾಗ ಕೆಲಸ ಬೇರೆಯವರದಾಗಿತ್ತು. ಮನೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಆ ವರ್ಷವೇ ಗಂಡು ನೋಡಲು ಶುರುಮಾಡಿದರು, ಅಷ್ಟೆ.

ಅಕ್ಷರಗಳು ಹೀಗೆ ಕೆಟ್ಟುದೇಕೆ? ಇದರ ಹಿಂದೆ ಒಂದು ಇತಿಹಾಸವಿದೆ. ಕನ್ನಡಕ್ಕೆ ಟೈಪ್‌ರೈಟರಿನ ಕೀಲಿಮಣೆಯನ್ನು ರೂಪಿಸಿಕೊಟ್ಟವರು ಕೆ. ಅನಂತಸುಬ್ಬರಾಯರು. 1963ರಲ್ಲಿ ಆಡಳಿತ ಭಾಷಾ ಕಾನೂನು ಬಂದ ಮೇಲೆ ಕಚೇರಿಗಳಲ್ಲಿ ಆ ಯಂತ್ರಗಳಿಗೆ ಬೆಲೆ ಬಂತು. ಕಂಪ್ಯೂಟರು ಬಂದಾಗ ಕೆ.ಪಿ. ರಾಯರು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಕೂಡಿಸುವ ಜಾಣ ವಿನ್ಯಾಸವನ್ನು ಕೊಟ್ಟರು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನು ಒತ್ತಿದರಾಯಿತು. ನಡುವಿನ ಎಫ್ ಒತ್ತಕ್ಷರಕ್ಕೆ ಕೊಂಡಿ. ಮಹಾಪ್ರಾಣ ಬೇಕಾದರೆ ಶಿಫ್ಟ್ ಹಿಡಿದು ಅದೇ ಕೀಲಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವು ಈ ವಿನ್ಯಾಸವನ್ನೇ ಅನುಸರಿಸಿತು, ಸರ್ಕಾರಿ ಕಚೇರಿಗಳಲ್ಲೆಲ್ಲ ನೆಲೆಗೊಂಡಿತು. 1998ರಲ್ಲಿ ಬಂದ ‘ಬರಹ’ವೂ ಮನೆಮಾತಾಯಿತು.

ಆದರೆ ಅಂದಿನ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಆದ ಜಾಗವಿರಲಿಲ್ಲ. ಆದುದರಿಂದ ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಲಾಯಿತು. ತಲೆಕಟ್ಟು ಒಂದು ಮನೆಯಲ್ಲಿ, ಕೊಂಬು ಇನ್ನೊಂದರಲ್ಲಿ. ನುಡಿಯ ಫಾಂಟ್ ಇರುವ ಯಂತ್ರ ಅದನ್ನು ಕನ್ನಡವಾಗಿ ತೋರಿಸುತ್ತದೆ. ಇಲ್ಲದ ಯಂತ್ರ ಮನೆಯ ಮೂಲ ಒಡೆಯನನ್ನೇ ತೋರಿಸುತ್ತದೆ. ಅಕ್ಕನ ಅರ್ಜಿಗೆ ಆದದ್ದು ಇದೇ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಕೇರಿ ದೊರೆಯಿತು: 128 ಸ್ಥಾನಗಳು. ಅದರಲ್ಲಿ ಬರೆದ ಕನ್ನಡ ಬೆಂಗಳೂರಿನಲ್ಲೂ ಬರ್ಲಿನ್ನಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಹುಡುಕಿದರೆ ಸಿಗುತ್ತದೆ, ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸೆಂದರೆ ಜೋಡಿಸುತ್ತದೆ. ಹಳೆಯ ಫಾಂಟಿನ ಪಟ್ಟಿಯಲ್ಲಿ ಈ ಜೋಡಣೆ ರೋಮನ್ ಸಂಕೇತಗಳ ಕ್ರಮದಲ್ಲಿ ನಡೆದು, ಯಾರು ಎಲ್ಲಿ ಹೋದರೆಂದೇ ತಿಳಿಯುವುದಿಲ್ಲ.

ಇಲ್ಲಿ ಒಂದು ತಮಾಷೆ ಇದೆ. ನಮ್ಮ ಮೊಬೈಲುಗಳಲ್ಲಿ ಮೂಡುವ ಕನ್ನಡ ಯೂನಿಕೋಡೇ. ಹಣ ಕೊಟ್ಟು ಅಂಗಡಿಯಲ್ಲಿ ಟೈಪು ಮಾಡಿಸಿದ ಅರ್ಜಿ ದಾರಿಯಲ್ಲಿ ಕೆಡಬಹುದು, ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ತಾನೇ ಬರೆದದ್ದು ಕೆಡುವುದಿಲ್ಲ! ಇದರಿಂದ ಅಂಗಡಿಯವರನ್ನು ದೂರುವುದೂ ಸಲ್ಲದು. ಎಷ್ಟೋ ಕಚೇರಿಗಳ ಹಳೆಯ ಫೈಲುಗಳು ಇಂದಿಗೂ ಆ ಫಾಂಟಿನಲ್ಲೇ ಇರುವುದರಿಂದ ಅವರು ಅದನ್ನು ಬಿಡಲಾರರು. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡಿನಲ್ಲಿ ಬರೆಯುವ ಅನುಕೂಲವಿದೆ, ಹಳೆಯದನ್ನು ಪರಿವರ್ತಿಸುವ ಸಾಧನವೂ ಇದೆ. “ಅಣ್ಣಾ, ಯೂನಿಕೋಡಿನಲ್ಲಿ ಮಾಡಿಕೊಡಿ” ಎಂದು ಕೇಳಬೇಕೆಂಬುದು ನಮಗೆ ಗೊತ್ತಿರಬೇಕು, ಅಷ್ಟೆ. ಯಾವ ಫಾಂಟಿನಲ್ಲೇ ಬರೆದಿರಲಿ, ಕಳಿಸುವಾಗ ಪಿ.ಡಿ.ಎಫ್. ಮಾಡಿ ಕಳಿಸಿದರೆ ಅಕ್ಷರರೂಪಗಳೂ ಪುಟದ ಜೊತೆಯಲ್ಲೇ ಪಯಣಿಸುತ್ತವೆ. ತಿದ್ದಬೇಕಾದುದಕ್ಕೆ ವರ್ಡ್, ಓದಬೇಕಾದುದಕ್ಕೆ ಪಿ.ಡಿ.ಎಫ್. ಎಂದಿಟ್ಟುಕೊಂಡರೆ ಸಾಕು.

ಇನ್ನು ಲೆಕ್ಕ. ಈ ಭಾಗ ನನಗೆ ಅತ್ಯಂತ ಪ್ರಿಯವಾದುದು. ಅರ್ಥಶಾಸ್ತ್ರದ ಅಧ್ಯಾಪಕರು ಕ್ಷಮಿಸುವುದಾದರೆ, ತರಗತಿಯಲ್ಲಿ ಸರಾಸರಿಯ ಪಾಠ ಕೇಳಿದಾಗ ಅರ್ಥವಾಗದ್ದು ಎಕ್ಸೆಲ್ಲಿನ ಮುಂದೆ ಅರ್ಥವಾಯಿತು. ಇದು ಹುಟ್ಟಿದ್ದೂ ಒಬ್ಬ ವಿದ್ಯಾರ್ಥಿಯಿಂದಲೇ. ಅಮೆರಿಕದ ಹಾರ್ವರ್ಡಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬಾತ, ಕಪ್ಪು ಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಅಧ್ಯಾಪಕರು ಅದಕ್ಕೆ ಸಂಬಂಧಿಸಿದ ಅಂಕಿಗಳನ್ನೆಲ್ಲ ಅಳಿಸಿ ಬರೆಯಬೇಕಾಗುವುದನ್ನು ಕಂಡು, ತಾನೇ ತಿದ್ದಿಕೊಳ್ಳುವ ಹಲಗೆಯೊಂದಿದ್ದರೆ ಎಂದು ಯೋಚಿಸಿದನಂತೆ. 1979ರಲ್ಲಿ ಆತ ಬಾಬ್ ಫ್ರಾಂಕ್‌ಸ್ಟನ್ನನೊಡನೆ ಹೊರತಂದ ‘ವಿಸಿಕ್ಯಾಲ್ಕ್’ ಇಂದಿನ ಎಕ್ಸೆಲ್ಲಿನ ಹಿರಿಯಣ್ಣ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಅಪ್ಪನಿಗೆ ಒಂದು ಎಕರೆ ಹಿಪ್ಪುನೇರಳೆ, ಅಮ್ಮನಿಗೆ ಹುಳುವಿನ ಮನೆ. ಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ರೀಲರುಗಳು ಮೊಬೈಲಿನಲ್ಲೇ ಬೆಲೆ ಕೂಗುತ್ತಾರೆ. ಪಹಣಿಯಂತೂ ‘ಭೂಮಿ’ ಯೋಜನೆಯ ಮೂಲಕ ಕಂಪ್ಯೂಟರಿಗೆ ಹೋಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಎಂದರೆ ಕಂಪ್ಯೂಟರು ನಮ್ಮ ಮನೆಯ ಬದುಕಿನೊಳಗೆ ಎಂದೋ ಬಂದುಬಿಟ್ಟಿದೆ. ಅಪ್ಪ ಮಾತ್ರ ಯಾವಾಗಲೂ ಕೌಂಟರಿನ ಈಚೆ ನಿಂತು, ಆಚೆಯ ಪರದೆಯಲ್ಲೇನಿದೆಯೆಂದು ಕತ್ತು ಚಾಚಿ ನೋಡುವವರು. ಅವರ ಲೆಕ್ಕವೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿದೆ. ಅದನ್ನೇ ನಾನು ಲ್ಯಾಬಿನ ಅಭ್ಯಾಸಕ್ಕೆ ತೆಗೆದುಕೊಂಡೆ.

ಅಂಕಿಗಳನ್ನು ಸುಲಭವಾಗಿಸಿ ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಬೆಳೆ: 200 ಮೊಟ್ಟೆ, 148 ಕಿಲೊ ಗೂಡು, ಕಿಲೊಗೆ 520 ರೂಪಾಯಿ. ಎರಡನೆಯದು: 200 ಮೊಟ್ಟೆ, 131 ಕಿಲೊ, 610 ರೂಪಾಯಿ. ಮೂರನೆಯದು: 150 ಮೊಟ್ಟೆ, 96 ಕಿಲೊ, 455 ರೂಪಾಯಿ. ಒಂದೊಂದು ಬೆಳೆಗೆ ಒಂದೊಂದು ಅಡ್ಡಸಾಲು. ಮೊಟ್ಟೆ, ತೂಕ, ಬೆಲೆ, ಹಣ ಇವುಗಳಿಗೆ ಕಂಬಸಾಲುಗಳು. ಕಂಬಗಳಿಗೆ ಎ, ಬಿ, ಸಿ, ಡಿ ಎಂದು ಹೆಸರು, ಸಾಲುಗಳಿಗೆ ಅಂಕಿ. ಮೊದಲ ಸಾಲು ತಲೆಬರಹಕ್ಕೆ ಹೋಗುವುದರಿಂದ ಮೊದಲ ಬೆಳೆ ಎರಡನೆಯ ಸಾಲಿನಲ್ಲಿ ಕೂರುತ್ತದೆ. ಹಣದ ಮನೆಯಲ್ಲಿ ಗುಣಾಕಾರದ ಫಲವನ್ನು ಬರೆಯಬಾರದು. ಸಮಚಿಹ್ನೆ ಹಾಕಿ, ‘ಬಿ2 ನಕ್ಷತ್ರ ಸಿ2’ ಎಂದು, ಗುಣಿಸಬೇಕಾದ ಮನೆಗಳ ವಿಳಾಸವನ್ನು ಬರೆಯಬೇಕು. ಇಡೀ ವಿದ್ಯೆಯ ಗುಟ್ಟು ಇಷ್ಟೇ. ವಿಳಾಸ ಬರೆದವನಿಗೆ, ನಾಳೆ ತೂಕದಲ್ಲಿ ತಿದ್ದುಪಡಿಯಾದರೂ ಹಣ ತಾನೇ ತಿದ್ದಿಕೊಳ್ಳುತ್ತದೆ. ಆ ಮನೆಯ ಮೂಲೆಯನ್ನು ಹಿಡಿದು ಕೆಳಗೆಳೆದರೆ ಉಳಿದ ಬೆಳೆಗಳ ಹಣವೂ ಬರುತ್ತದೆ: 76,960, 79,910, 43,680, ಒಟ್ಟು 2,00,550 ರೂಪಾಯಿ.

ಸರಾಸರಿ ಬೆಲೆ ಎಷ್ಟು? 520, 610, 455 ಕೂಡಿ ಮೂರರಿಂದ ಭಾಗಿಸಿದರೆ 528 ರೂಪಾಯಿ 33 ಪೈಸೆ. ಆದರೆ ಒಟ್ಟು ಹಣವನ್ನು ಒಟ್ಟು ತೂಕವಾದ 375 ಕಿಲೊಗಳಿಂದ ಭಾಗಿಸಿದರೆ 534 ರೂಪಾಯಿ 80 ಪೈಸೆ. ಯಾವುದು ಸರಿ? ಹೆಚ್ಚು ಗೂಡು ಹೆಚ್ಚು ಬೆಲೆಗೆ ಹೋಗಿದ್ದರಿಂದ ಎರಡನೆಯದೇ ಸರಿ. ತೂಕದ ಸರಾಸರಿಯೆಂದು ಪಠ್ಯಪುಸ್ತಕ ಹೇಳುವುದು ಇದನ್ನೇ. ಯಂತ್ರ ಎರಡನ್ನೂ ಅಷ್ಟೇ ನಿಷ್ಠೆಯಿಂದ ಹಾಕಿಕೊಡುತ್ತದೆ. ಯಾವುದನ್ನು ಕೇಳಬೇಕೆಂಬುದನ್ನು ಅದು ಹೇಳುವುದಿಲ್ಲ. ನೂರು ಮೊಟ್ಟೆಗೆ ಬಂದ ಗೂಡು 74, 65.5, 64 ಕಿಲೊ ಎಂದು ಇನ್ನೊಂದು ಕಂಬದಲ್ಲಿ ಕಂಡಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಎರಡ್ನೇ ಬೆಳೆ ರೇಟು ಚೆನ್ನಾಗಿತ್ತು ಅಂತ ಖುಷಿಪಟ್ವಿ, ಹುಳ ಆಗ್ಲೇ ಹೊಡ್ತ ತಿಂದಿತ್ತು” ಎಂದರು. ಚಾಕಿ, ಕೂಲಿ, ಚಂದ್ರಿಕೆ ಬಾಡಿಗೆ, ಸಾಗಣೆಗಳ ಖರ್ಚನ್ನೂ ಸೇರಿಸೆಂದು ಮರುದಿನ ಅವರೇ ಹೇಳಿದರು.

ಎಕ್ಸೆಲ್ಲಿನಲ್ಲಿ ಎಚ್ಚರ ತಪ್ಪಬಾರದ ಜಾಗಗಳೂ ಉಂಟು. ಹನ್ನೆರಡು ಅಂಕಿಗಳ ಆಧಾರ್ ಸಂಖ್ಯೆಯನ್ನು ಬರೆದರೆ ಅದನ್ನು ದೊಡ್ಡ ಮೊತ್ತವೆಂದು ತಿಳಿದು ಹತ್ತರ ಘಾತದಲ್ಲಿ ತೋರಿಸಿಬಿಡುತ್ತದೆ. ಹದಿನೈದಕ್ಕಿಂತ ಹೆಚ್ಚು ಅಂಕಿಗಳನ್ನು ಅದು ನೆನಪಿಡುವುದೇ ಇಲ್ಲ. ಕೆಲವು ಬ್ಯಾಂಕುಗಳ ಹದಿನಾರು ಅಂಕಿಗಳ ಖಾತೆ ಸಂಖ್ಯೆಯಲ್ಲಿ ಕೊನೆಯದು ಸೊನ್ನೆಯಾಗಿಬಿಡುತ್ತದೆ. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಹೀಗಾದರೆ ಯಾರ ಹಣ ಎಲ್ಲಿಗೆ ಹೋಗಬೇಕು? ಕೂಡಿ ಕಳೆಯಲಾಗದ ಸಂಖ್ಯೆಗಳಿರುವ ಮನೆಯನ್ನು ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಮಾಡಬೇಕು. ತಾರೀಖು ಇನ್ನೊಂದು ಮೋಸ. ಯಂತ್ರ ಅಮೆರಿಕದ ಕ್ರಮದಲ್ಲಿದ್ದರೆ ನಾವು ಜೂನ್ 5 ಎಂದು ಬರೆದ 05/06 ಅದಕ್ಕೆ ಮೇ 6. 25/06 ಎಂದರೆ ತಾರೀಖೆಂದೇ ಒಪ್ಪದೆ ಮನೆಯ ಎಡಕ್ಕೆ ಒರಗಿ ನಿಲ್ಲುತ್ತದೆ. ಹಾಗೆ ಎಡಕ್ಕೆ ನಿಂತ ತಾರೀಖನ್ನು ಕಂಡರೆ ಯಂತ್ರದ ಪ್ರದೇಶವನ್ನು ಭಾರತಕ್ಕೆ ಬದಲಾಯಿಸಬೇಕು.

ಕಡೆಯದು ಕಳಿಸುವುದು. ಇ-ಮೇಲಿಗೆ ಕನ್ನಡದಲ್ಲಿ ಮಿಂಚಂಚೆ ಎಂಬ ಚೆಂದದ ಹೆಸರಿದೆ. ಕಚೇರಿಯಲ್ಲಿ ಯಾರೂ ಹಾಗೆನ್ನುವುದಿಲ್ಲವೆಂಬುದು ಬೇರೆ ಮಾತು. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೀಗೆ ಓಲೆ ಕಳಿಸುವುದನ್ನು 1971ರಲ್ಲಿ ಸಾಧಿಸಿ, ಹೆಸರಿಗೂ ಯಂತ್ರಕ್ಕೂ ನಡುವೆ ಆ ಸುರುಳಿ ಚಿಹ್ನೆಯನ್ನಿಟ್ಟವನು ರೇ ಟಾಮ್ಲಿನ್ಸನ್. ಇದನ್ನು ವಾಟ್ಸಾಪಿನ ಅಣ್ಣನೆಂದು ತಿಳಿದವರು ಕೆಡುತ್ತಾರೆ. ಅರ್ಜಿಯ ಮಗನೆಂದು ತಿಳಿದವರಿಗೆ ದಾರಿ ಸಲೀಸು. ‘ಇವರಿಗೆ’, ‘ವಿಷಯ’, ‘ಉಲ್ಲೇಖ’, ‘ಮಾನ್ಯರೇ’, ‘ಲಗತ್ತು’ ಎಂಬ ಅಂಗಗಳು ನಮಗೆ ಹೈಸ್ಕೂಲಿನಿಂದಲೇ ಗೊತ್ತು. ಇ-ಮೇಲಿನ ಪರದೆಯಲ್ಲಿರುವುದೂ ಇವೇ. ಸಿ.ಸಿ. ಎಂಬ ಎರಡಕ್ಷರ ಕಾರ್ಬನ್ ಪ್ರತಿಯದು. ಸರ್ಕಾರಿ ಪತ್ರದ ಅಡಿಯಲ್ಲಿ ‘ಪ್ರತಿಯನ್ನು ಮಾಹಿತಿಗಾಗಿ’ ಎಂದು ಬರೆಯುತ್ತಾರಲ್ಲ, ಅದೇ. ಬಿ.ಸಿ.ಸಿ.ಯಲ್ಲಿ ಹಾಕಿದವರ ಹೆಸರು ಉಳಿದವರಿಗೆ ಕಾಣದು. ಐವತ್ತು ಸಹಪಾಠಿಗಳಿಗೆ ಒಂದೇ ಸೂಚನೆ ಕಳಿಸುವಾಗ ಎಲ್ಲರ ವಿಳಾಸ ಎಲ್ಲರಿಗೂ ಹರಡದಿರಲು ಇದು ತಕ್ಕುದು.

ಅತಿ ಮುಖ್ಯವಾದುದು ವಿಷಯದ ಸಾಲು. ದಿನಕ್ಕೆ ನೂರು ಪತ್ರ ನೋಡುವ ಗುಮಾಸ್ತರು ತೆರೆಯುವ ಮೊದಲು ಓದುವುದು ಅದನ್ನೇ. ‘ಅರ್ಜಿ’ ಎಂದೋ ‘ಸರ್ ಪ್ಲೀಸ್’ ಎಂದೋ ಬರೆದರೆ ಅವರಿಗೇನು ತಿಳಿಯಬೇಕು? ನಾನು ಅಭ್ಯಾಸಕ್ಕೆಂದು ಬರೆದು ಅಧ್ಯಾಪಕರಿಂದ ತಿದ್ದಿಸಿಕೊಂಡ ಪತ್ರ ಇದು:

ವಿಷಯ: ಬಿ.ಎ. 5ನೇ ಸೆಮಿಸ್ಟರ್ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ತಿದ್ದುಪಡಿ ಕೋರಿಕೆ (ಇಲ್ಲಿ ನೋಂದಣಿ ಸಂಖ್ಯೆ)

ಮಾನ್ಯರೇ,
ನನ್ನ 5ನೇ ಸೆಮಿಸ್ಟರ್ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರವು ಬಿಟ್ಟುಹೋಗಿದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆ ತಿದ್ದಿಕೊಡಬೇಕಾಗಿ ಕೋರುತ್ತೇನೆ. ಇದಕ್ಕೆ ನಿಗದಿಯಾದ ಶುಲ್ಕವಿದ್ದರೆ ತಿಳಿಸಿದಲ್ಲಿ ಪಾವತಿಸುತ್ತೇನೆ.
ಲಗತ್ತು: 1. ಎಸ್.ಎಸ್.ಎಲ್.ಸಿ. ಅಂಕಪಟ್ಟಿ 2. 5ನೇ ಸೆಮಿಸ್ಟರ್ ಅಂಕಪಟ್ಟಿ
ತಮ್ಮ ವಿಶ್ವಾಸಿ,
(ಹೆಸರು, ತರಗತಿ, ಮೊಬೈಲ್ ಸಂಖ್ಯೆ)

‘ತಮ್ಮ ಪಾದಾರವಿಂದಗಳಲ್ಲಿ’ ಎಂದು ಶುರುಮಾಡಿದ್ದ ಒಂದು ವಾಕ್ಯವನ್ನು ಅಧ್ಯಾಪಕರು ಹೊಡೆದುಹಾಕಿದರು. ಗೌರವಕ್ಕೆ ‘ತಾವು’ ಸಾಕು, ದೈನ್ಯ ಬೇಡವೆಂದು ಅವರ ಅಭಿಪ್ರಾಯ. ನನ್ನದೂ ಈಗ ಅದೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ಬೆಳೆದ ನಮ್ಮ ತಾಲ್ಲೂಕುಗಳ ಎಷ್ಟೋ ಮಕ್ಕಳು ಕಚೇರಿಗೆ ಬರೆಯುವಾಗ ಒಂದೋ ಕೈಮುಗಿದು ಬಗ್ಗಿಬಿಡುತ್ತಾರೆ, ಇಲ್ಲವೇ ಗೆಳೆಯನಿಗೆ ಬರೆದಂತೆ ಬರೆಯುತ್ತಾರೆ. ನಡುವಿನ ನೇರವಾದ ಧ್ವನಿಯನ್ನು ರೂಢಿಸಿಕೊಳ್ಳುವುದು ಯಂತ್ರವನ್ನು ಕಲಿಯುವುದಕ್ಕಿಂತ ಕಷ್ಟವೆಂದು ನನಗನ್ನಿಸಿದೆ.

ಲಗತ್ತನ್ನು ಮೊದಲು ಸೇರಿಸಿ, ಪತ್ರವನ್ನು ಆಮೇಲೆ ಬರೆದು, ವಿಳಾಸವನ್ನು ಕಟ್ಟಕಡೆಗೆ ತುಂಬುವುದು ಒಳ್ಳೆಯ ಪದ್ಧತಿ. ಅರ್ಧ ಬರೆದದ್ದು ಕೈತಪ್ಪಿ ಹೋಗಲಾರದು. ಜೀಮೇಲಿನಲ್ಲಿ 25 ಎಂ.ಬಿ.ಗಿಂತ ದೊಡ್ಡ ಲಗತ್ತು ಹಾಗೇ ಹೋಗುವುದಿಲ್ಲ. ಮೊಬೈಲಿನಲ್ಲಿ ತೆಗೆದ ಅಂಕಪಟ್ಟಿಯ ಚಿತ್ರಗಳನ್ನು ಒಂದೇ ಪಿ.ಡಿ.ಎಫ್. ಮಾಡಿ ಚಿಕ್ಕದಾಗಿಸಿದರೆ ನೋಡುವವರಿಗೂ ಅನುಕೂಲ. ಕಳಿಸಿದ ಮೇಲೆ ಕೆಲವು ಸೆಕೆಂಡುಗಳವರೆಗೆ ಹಿಂದಕ್ಕೆ ಪಡೆಯುವ ಅವಕಾಶವಿದೆ. ಅದನ್ನು 30 ಸೆಕೆಂಡಿಗೆ ಏರಿಸಿಟ್ಟುಕೊಳ್ಳಬಹುದು. ಉತ್ತರ ಬಂತೇ ಎಂದು ದಿನಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡಬೇಕು, ‘ಸ್ಪ್ಯಾಮ್’ ಎಂಬ ಕಸದ ಮೂಲೆಯನ್ನೂ ಸೇರಿಸಿ. ‘ಕಿಂಗ್’, ‘ಲವ್ಲಿ’ ಮುಂತಾದ ಬಿರುದುಗಳಿರುವ ವಿಳಾಸಗಳನ್ನು ಗೆಳೆಯರಿಗೆ ಬಿಟ್ಟು, ಕಚೇರಿಗೆಂದು ಸ್ವಂತ ಹೆಸರಿನದೊಂದನ್ನು ಮಾಡಿಕೊಳ್ಳುವುದು ಲೇಸು.

ಮನೆಯಲ್ಲಿ ಕಂಪ್ಯೂಟರಿಲ್ಲವೆಂಬುದು ನಮ್ಮಲ್ಲಿ ಬಹುಪಾಲು ಮಂದಿಯ ಕಷ್ಟ. ವರ್ಡ್, ಎಕ್ಸೆಲ್‌ಗಳನ್ನು ಕೊಳ್ಳಲಾರದವರಿಗೆ ‘ಲಿಬ್ರೆ ಆಫೀಸ್’ ಉಚಿತವಾಗಿ ದೊರೆಯುತ್ತದೆ. ಗೂಗಲಿನ ಡಾಕ್ಸ್ ಮತ್ತು ಶೀಟ್ಸ್ ಮೊಬೈಲಿನಲ್ಲೂ ನಡೆಯುತ್ತವೆ. ಆದರೂ ಬೆರಳಿಗೆ ಕೀಲಿಮಣೆ ಪಳಗಬೇಕಾದರೆ ಲ್ಯಾಬಿಗೋ ಸೈಬರ್ ಅಂಗಡಿಗೋ ಹೋಗದೆ ವಿಧಿಯಿಲ್ಲ. ಅಲ್ಲಿ ಹತ್ತು ಜನ ಕೂತೇಳುವ ಯಂತ್ರದಲ್ಲಿ, ಪಾಸ್‌ವರ್ಡನ್ನು ಉಳಿಸಲೇ ಎಂದು ಬ್ರೌಸರ್ ಕೇಳಿದರೆ ಬೇಡವೆನ್ನಬೇಕು. ಕೆಲಸ ಮುಗಿದ ಮೇಲೆ ಕಿಟಕಿಯನ್ನು ಮುಚ್ಚಿದರೆ ಸಾಲದು, ‘ಸೈನ್ ಔಟ್’ ಎಂದೇ ಒತ್ತಬೇಕು. ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ಬಿದ್ದಿರುವ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪುಸ್ತಕದ ಪ್ರತಿಗಳನ್ನು ಅಳಿಸಿ, ರೀಸೈಕಲ್ ಬಿನ್ನಿನಿಂದಲೂ ತೆಗೆದು, ಆಮೇಲೆ ಕುರ್ಚಿಯಿಂದ ಏಳಬೇಕು.